ಗಡಿಯಾರ ರಿಪೇರಿಯ ವಿಡಿಯೋ: ಕಿವಿಗೆ ಮೊದಲ ಮಣೆ

ಗೋಡೆಯ ಮೇಲಿನ ಲೋಲಕದ ಗಡಿಯಾರವನ್ನು ತಾತ ಮರುದಿನ ಇಳಿಸಿ, ಬಿಚ್ಚಿ, ಎಣ್ಣೆ ಹಾಕುತ್ತಾರೆ ಅಂತ ರಾತ್ರಿ ಊಟದ ಹೊತ್ತಿಗೇ ತಿಳಿದಿತ್ತು. ಅದನ್ನು ಪೂರ್ತಿ ವಿಡಿಯೋ ಮಾಡಲೇಬೇಕು ಅಂದುಕೊಂಡು ಫೋನಿನಲ್ಲಿ ಜಾಗ ಖಾಲಿ ಮಾಡಿ, ಚಾರ್ಜಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದ್ದು. ಜೇಬಿನಲ್ಲಿ ಓಡಾಡುವ ಫೋನಿಗೆ ಬೆರಳಿನ ಜಿಡ್ಡು ಅಂಟಿಯೇ ಇರುತ್ತದೆ. ಬೆಳಕಿನ ಕಡೆ ತಿರುಗಿಸಿದ ಕೂಡಲೇ ಚಿತ್ರಕ್ಕೆ ಮಂಜು ಕವಿಯುವುದು ಎಷ್ಟೋ ಸಲ ಅದರಿಂದಲೇ. ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲದಿರಲಿ ಎಂದು ಏರೋಪ್ಲೇನ್ ಮೋಡ್ ಕೂಡ ಹಾಕಿದೆ.

ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದೆವು. ಬೆಳಕು ತಾತನ ಎಡಗಡೆಯಿಂದ ಬೀಳುವ ಹಾಗೆ ಕುರ್ಚಿ ಹಾಕಿ, ಕೋಣೆಯ ದೀಪಗಳನ್ನೆಲ್ಲ ಆರಿಸಿದೆ. ಬೆಳಕಿನ ಬಣ್ಣವನ್ನು ಅಳೆಯುವ ಲೆಕ್ಕದಲ್ಲಿ ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು 2700ರ ಆಸುಪಾಸು. ಎರಡೂ ಒಟ್ಟಿಗೆ ಬಿದ್ದರೆ ಮುಖದ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ. ಆಮೇಲೆ ಎಡಿಟಿಂಗ್‌ನಲ್ಲಿ ಎಷ್ಟು ತಿದ್ದಿದರೂ ಅದು ಸರಿಹೋಗುವುದಿಲ್ಲ. ದೀಪ ಉರಿಸಲೇಬೇಕಾದಾಗ ನೆನಪಿಡಬೇಕಾದದ್ದು ಇನ್ನೊಂದಿದೆ: 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟುಕೊಂಡರೆ ಚಿತ್ರದ ಮೇಲೆ ಪಟ್ಟೆ ಓಡಾಡುವುದಿಲ್ಲ. ಪರದೆಯ ಮೇಲೆ ತಾತನ ಮುಖವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಲಾಕ್ ಮಾಡಿದೆ. ಹಾಗೆ ಮಾಡದಿದ್ದರೆ ಅವರು ಹಿತ್ತಾಳೆಯ ಚಕ್ರವನ್ನು ಮೇಲೆತ್ತಿದಾಗಲೆಲ್ಲ ಅದರ ಹೊಳಪಿಗೆ ಫೋನು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ.

ಇಷ್ಟೆಲ್ಲ ಆದರೂ ನಾನು ಹೆಚ್ಚು ಹೊತ್ತು ಕೊಟ್ಟದ್ದು ಧ್ವನಿಗೆ. ಮಸುಕಾದ ಚಿತ್ರವನ್ನು ಮನೆಯವರು ಸಹಿಸಿಕೊಂಡು ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎರಡು ನಿಮಿಷಕ್ಕೇ ಎದ್ದು ಹೋಗುತ್ತಾರೆ. ಫ್ಯಾನ್ ನಿಲ್ಲಿಸಿದೆ. ತಾತನ ಅಂಗಿಯ ಎರಡನೇ ಗುಂಡಿಯ ಹತ್ತಿರ, ಗದ್ದದಿಂದ ಒಂದು ಗೇಣು ಕೆಳಗೆ, ಕಾಲರ್ ಮೈಕ್ ಸಿಕ್ಕಿಸಿ ಅದನ್ನು ಹಳೆಯ ಫೋನಿಗೆ ಜೋಡಿಸಿದೆ. ಬಾಯಿಗೂ ಮೈಕಿಗೂ ನಡುವಿನ ದೂರ ಇಮ್ಮಡಿಯಾದರೆ ಮಾತು ಸುಮಾರು 6 ಡೆಸಿಬಲ್ ಕುಗ್ಗುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಎಂಥ ದುಬಾರಿ ಕ್ಯಾಮೆರಾ ಆದರೂ ಎದುರು ಗೋಡೆಯ ಹತ್ತಿರ ನಿಂತು ಮಾತನ್ನು ಚೆನ್ನಾಗಿ ಹಿಡಿಯಲಾರದು, ಕಾರಣ ಇದೇ. ಎರಡೂ ಫೋನುಗಳಲ್ಲಿ ರೆಕಾರ್ಡಿಂಗ್ ಶುರುವಾದ ಮೇಲೆ ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿದೆ. ಆಮೇಲೆ ಎರಡು ಧ್ವನಿಗಳನ್ನು ಹೊಂದಿಸಲು ಆ ಒಂದು ಸದ್ದು ಸಾಕು.

ಒಂದು ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದೆ ತಾತನನ್ನೂ ಮೇಜನ್ನೂ ನೋಡುತ್ತಿತ್ತು. ಕೈಗಳ ಹತ್ತಿರದ ಚಿತ್ರಗಳನ್ನು ಬೇರೆಯಾಗಿಯೇ ತೆಗೆದೆ.

“ತಾತ, ಆ ಸ್ಕ್ರೂ ಇನ್ನೊಂದ್ಸಲ ಹಾಕಿ ಬಿಚ್ತೀರಾ? ಹತ್ತಿರದಿಂದ ಬೇಕಿತ್ತು.”

“ಅದಕ್ಕೇನೋ, ನಿಧಾನವಾಗೇ ಬಿಚ್ತೀನಿ, ನೋಡ್ಕೋ.”

ಉಗುರಿಗಿಂತ ಚಿಕ್ಕ ಸ್ಕ್ರೂ. ತೋರುಬೆರಳಿನ ತುದಿಯನ್ನು ಸ್ಕ್ರೂಡ್ರೈವರಿನ ತಲೆಯ ಮೇಲಿಟ್ಟು, ಉಳಿದ ಬೆರಳುಗಳಿಂದ ತಿರುಗಿಸುತ್ತಾರೆ. ಬಿಚ್ಚಿದ ಸ್ಕ್ರೂಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಾರೆ. ಇಂಥ ಒಂದೊಂದು ಶಾಟನ್ನೂ ಕನಿಷ್ಠ 10 ಸೆಕೆಂಡ್ ಅಲುಗಾಡದೆ ಹಿಡಿಯಬೇಕು. ಹಿಡಿಯುವಾಗ ದೀರ್ಘ ಅನ್ನಿಸುತ್ತದೆ, ಕತ್ತರಿಸಲು ಕೂತಾಗ ಅದರಲ್ಲಿ 4 ಸೆಕೆಂಡ್ ಉಪಯೋಗಕ್ಕೆ ಬರುತ್ತದೆ. ಝೂಮ್ ಮಾಡುವ ಬದಲು ಫೋನನ್ನೇ ಹತ್ತಿರ ಒಯ್ಯುವುದು ಮೇಲು. ಅದಾಗದ ಕಡೆಗೆಂದೇ 4ಕೆಯಲ್ಲಿ ತೆಗೆದೆ. 4ಕೆ ಅಂದರೆ 3840 x 2160, ಫುಲ್ ಎಚ್‌ಡಿ 1920 x 1080. ಹಾಗಾಗಿ ಫುಲ್ ಎಚ್‌ಡಿಯಲ್ಲಿ ಎಡಿಟ್ ಮಾಡುವಾಗ ಸ್ಪಷ್ಟತೆ ಕೆಡದೆ ಚಿತ್ರವನ್ನು ಇಮ್ಮಡಿ ಹಿಗ್ಗಿಸಬಹುದು.

ಪ್ರಶ್ನೆ ಕೇಳಿ ಉತ್ತರ ಬಂದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರುವುದನ್ನು ರೂಢಿಸಿಕೊಂಡಿದ್ದೇನೆ. ಹಿರಿಯರ ಒಳ್ಳೆಯ ಮಾತು ಬರುವುದು ಆ ಬಿಡುವಿನ ನಂತರವೇ. ಗಡಿಯಾರವನ್ನು ಮತ್ತೆ ಗೋಡೆಗೆ ನೇತುಹಾಕಿದಾಗಲೂ ನಾನು ಏನೂ ಕೇಳಲಿಲ್ಲ. ತಾತ ಲೋಲಕವನ್ನು ಮೆಲ್ಲಗೆ ತಳ್ಳಿ, ಕಿವಿಗೊಟ್ಟು ನಿಂತರು. ಪೆಟ್ಟಿಗೆಯ ಕೆಳತುದಿಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದರು, ಮತ್ತೆ ಕೇಳಿಸಿಕೊಂಡರು.

“ಟಿಕ್‌ಗೂ ಟಾಕ್‌ಗೂ ನಡುವೆ ಅಂತರ ಸಮ ಇರ್ಬೇಕು ಕಣೋ. ಕುಂಟ್ತಾ ಇದ್ರೆ ಸ್ವಲ್ಪ ಹೊತ್ತಲ್ಲೇ ನಿಂತ್‌ಹೋಗುತ್ತೆ.”

ಆ ಕುಂಟುನಡೆ ಸಮನಡೆಯಾಗುವ ಅರ್ಧ ನಿಮಿಷವೇ ಇಡೀ ವಿಡಿಯೋದ ಜೀವ. ಅದರಲ್ಲಿ ನೋಡಲು ಹೆಚ್ಚೇನೂ ಇಲ್ಲ, ಇರುವುದೆಲ್ಲ ಕೇಳಲು. ಎಡಿಟಿಂಗ್ ಹೇಗಿರಬೇಕು ಎನ್ನುವುದು ನನಗೆ ಅಲ್ಲೇ ಸ್ಪಷ್ಟವಾಯಿತು: ಮೊದಲು ಧ್ವನಿ, ಅದರ ಮೇಲೆ ಚಿತ್ರ.

ಫೈಲುಗಳನ್ನು ಕೇಬಲ್ ಹಾಕಿಯೇ ಕಂಪ್ಯೂಟರಿಗೆ ಇಳಿಸಿಕೊಂಡೆ. ಮೆಸೇಜ್ ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಸಾಮಾನ್ಯವಾಗಿ ಗುಣಮಟ್ಟ ಇಳಿಸಿಬಿಡುತ್ತದೆ. ಫೋನುಗಳು ಹೆಚ್ಚಾಗಿ ಫ್ರೇಮಿನ ವೇಗವನ್ನು ತಾವಾಗಿಯೇ ಹೆಚ್ಚುಕಡಿಮೆ ಮಾಡಿಕೊಳ್ಳುವುದರಿಂದ ದೀರ್ಘ ವಿಡಿಯೋದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು. ಅದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲವನ್ನೂ ಸ್ಥಿರ ಫ್ರೇಮ್ ವೇಗಕ್ಕೆ ತಂದೆ. ಎಡಿಟ್ ಮಾಡಿದ್ದು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ. ಕಂಪ್ಯೂಟರ್ ಅಷ್ಟು ಗಟ್ಟಿಯಿಲ್ಲದವರಿಗೆ ಶಾಟ್‌ಕಟ್, ಕೆಡೆನ್‌ಲೈವ್ ಇವೆ.

ಮೊದಲ ಸುತ್ತಿನಲ್ಲಿ ಪರದೆ ನೋಡಲೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಬರೀ ಮಾತನ್ನು ಕೇಳುತ್ತಾ, ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿಸಿದೆ. ಉಸಿರು, ತಡವರಿಕೆ, ನಡುವಿನ “ಹ್ಞಾಂ” ಎಲ್ಲವನ್ನೂ ಉಳಿಸಿದೆ, ಅವಿಲ್ಲದೆ ಅದು ತಾತನ ಮಾತಾಗುವುದಿಲ್ಲ. ಕತ್ತರಿಸಿದಲ್ಲೆಲ್ಲ ಚಿತ್ರ ಎಗರುತ್ತದೆ. ಅಲ್ಲಿ ಕೈಗಳ ಶಾಟ್ ಹೊದಿಸಿದರೆ ಮಾತು ಕೆಳಗೆ ತಡೆಯಿಲ್ಲದೆ ಹರಿಯುತ್ತದೆ. ಮಾತಿನ ನಡುವೆ ಪೂರ್ಣ ನಿಶ್ಶಬ್ದದ ತೂತು ಬೀಳದಿರಲು ಕೋಣೆಯ ಖಾಲಿ ಸದ್ದನ್ನು 30 ಸೆಕೆಂಡ್ ಬೇರೆಯಾಗಿ ಹಿಡಿದಿಟ್ಟಿದ್ದೆ, ಅದನ್ನು ಸಂದುಗಳಿಗೆ ತುಂಬಿದೆ. ಗಡಿಯಾರ ನಡೆಯುತ್ತಿರುವ ಭಾಗದ ಧ್ವನಿಯನ್ನಂತೂ ಎಲ್ಲಿಯೂ ಮುಟ್ಟಲಿಲ್ಲ. ಒಂದು ಟಿಕ್ ಕಳೆದರೂ ಕಿವಿ ಹಿಡಿದುಬಿಡುತ್ತದೆ. ಮಾತಿನ ಗಟ್ಟಿತನವನ್ನು ಎಡಿಟಿಂಗ್ ತಂತ್ರಾಂಶದ ಧ್ವನಿಮಾಪಕದಲ್ಲಿ (ಅದರಲ್ಲಿ ಸೊನ್ನೆಯೇ ಗರಿಷ್ಠ) ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಇಟ್ಟೆ. ಹಿನ್ನೆಲೆ ಸಂಗೀತ ಹಾಕಲಿಲ್ಲ. ಮನೆಯ ವಿಡಿಯೋಗಳಲ್ಲಿ ಮನೆಯ ಸದ್ದನ್ನು ಮುಚ್ಚಿಹಾಕುವ ಸಂಗೀತ ನನಗೆ ಸರಿಬರುವುದಿಲ್ಲ. ಪುಟ ಮಗುಚುವ, ಹೃದಯ ಹಾರುವ ಟ್ರಾನ್ಸಿಷನ್‌ಗಳೂ ಅಷ್ಟೇ.

ಎಷ್ಟು ಉದ್ದ ಇರಬೇಕು? 1965ರಲ್ಲಿ ಕೊಡಾಕ್ ತಂದ, ಮನೆಯ ಮೂವಿ ಕ್ಯಾಮೆರಾಗಳ ಸೂಪರ್ 8 ಫಿಲ್ಮ್ ಕಾರ್ಟ್ರಿಜ್‌ನಲ್ಲಿ 50 ಅಡಿ ಫಿಲ್ಮ್ ಇರುತ್ತಿತ್ತು, ಸೆಕೆಂಡಿಗೆ 18 ಫ್ರೇಮ್‌ನಂತೆ 3 ನಿಮಿಷ 20 ಸೆಕೆಂಡ್ ಅಷ್ಟೇ. ಗುಂಡಿ ಒತ್ತುವ ಮೊದಲು ಯೋಚಿಸಲೇಬೇಕಿತ್ತು. ಈಗ ಆ ಯೋಚನೆಯನ್ನು ಕತ್ತರಿಸುವಾಗ ಮಾಡಬೇಕು. ಒಂದು ಗಂಟೆಗೂ ಮಿಕ್ಕ ಚಿತ್ರಣವನ್ನು ಹನ್ನೆರಡು ನಿಮಿಷಕ್ಕೆ ಇಳಿಸಿ, ಎಲ್ಲ ಟಿವಿಗಳಲ್ಲೂ ಓಡಲೆಂದು ಎಚ್.264 ಎಂಬ ವಿಡಿಯೋ ಮಾದರಿಯಲ್ಲಿ ತೆಗೆದು ಸಂಬಂಧಿಕರಿಗೆ ಕೊಟ್ಟೆ.

ಮೂಲ ಫೈಲುಗಳಿಗೆ ದಿನಾಂಕ, ಹೆಸರು, ವಿಷಯ ಸೇರಿಸಿ ಹೆಸರಿಟ್ಟು ಮೂರು ಕಡೆ ಇಟ್ಟಿದ್ದೇನೆ: ಕಂಪ್ಯೂಟರಿನಲ್ಲಿ, ಬೇರೆ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಚಿಕ್ಕಮ್ಮನ ಮನೆಯಲ್ಲಿ. ಕತ್ತರಿಸದ ಧ್ವನಿಯಲ್ಲಿ ಗಡಿಯಾರಕ್ಕೆ ಸಂಬಂಧವಿಲ್ಲದ ಮಾತೂ ಬೇಕಾದಷ್ಟಿದೆ, ತಾತನ ಮೊದಲ ಕೆಲಸ, ಅವರಿಗೆ ರಿಪೇರಿ ಕಲಿಸಿದವರು. ಅದನ್ನು ಬೇರೆ ವಿಡಿಯೋ ಮಾಡಲೆಂದು ಆಲ್ಬಮ್ಮಿನ ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಲು ಶುರುಮಾಡಿದ್ದೇನೆ.