ದಿನವೇತನಕ್ಕೆ ಅರ್ಜಿ ಹಾಕಲೇ?

ಜೂನ್ 1, 2025, ಭಾನುವಾರ
ಬದಿಯಡ್ಕ ಹತ್ತಿರ, ಕಾಸರಗೋಡು

ನಿನ್ನೆಗೆ ಸರಕಾರಿ ಶಾಲೆಯ ಟೀಚರಾಗಿ ನನ್ನ ಸರ್ವಿಸ್ ಮುಗಿಯಿತು.

ಕೇರಳದಲ್ಲಿ ಮೇ 31 ಅಂದರೆ ಸಾವಿರಾರು ಸರಕಾರಿ ನೌಕರರು ಒಟ್ಟಿಗೇ ನಿವೃತ್ತರಾಗುವ ದಿನ. ನಾವು ಸಣ್ಣವರಿದ್ದಾಗ ಜನನ ಸರ್ಟಿಫಿಕೇಟ್ ಇದ್ದವರು ಕಡಿಮೆ. ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಲು ವಯಸ್ಸು ತುಂಬಿರಬೇಕು. ಹಾಗಾಗಿ ಮಾಷ್ಟ್ರು ಮೇ ತಿಂಗಳ ಯಾವುದೋ ಒಂದು ತಾರೀಕು ಬರೆದುಬಿಡುತ್ತಿದ್ದರು. ನಾನು ಹುಟ್ಟಿದ್ದು ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳ ಜಡಿಮಳೆಯಲ್ಲಿ ಅಂತ ಅಮ್ಮ ಹೇಳುತ್ತಿದ್ದರು. ದಾಖಲೆಯಲ್ಲಿ ಮಾತ್ರ 1969ರ ಮೇ. ನಿಜವಾದ 56 ತುಂಬಲು ಇನ್ನೂ ಸಮಯವಿದೆ, ಅಷ್ಟರಲ್ಲೇ ಬೀಳ್ಕೊಡುಗೆ ಆಯಿತು.

ಅಕ್ಕ ಪುತ್ತೂರು ಕಡೆಯ ಸರಕಾರಿ ಶಾಲೆಯಲ್ಲಿ ಟೀಚರ್. ನನಗಿಂತ ದೊಡ್ಡವಳು. ಕರ್ನಾಟಕದಲ್ಲಿ ನಿವೃತ್ತಿ 60ಕ್ಕೆ, ಹಾಗಾಗಿ ನಾಳೆಯೂ ಅವಳು ಕ್ಲಾಸಿಗೆ ಹೋಗುತ್ತಾಳೆ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಮದುವೆಯಾಗಿ ಅವಳು ಗಡಿಯ ಆಚೆ ಹೋದಳು, ನಾನು ಈಚೆ ಉಳಿದೆ. ಗಡಿಯ ಮಾತು ಬಿಡಿ, ನಮ್ಮ ಸ್ಟಾಫ್ ರೂಮಿನಲ್ಲೇ ಎರಡು ಲೆಕ್ಕ ಇತ್ತು. 2013ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದವರಿಗೆ 60. ಅವರಿಗೆ ನಮ್ಮ ಹಾಗಿನ ಪೆನ್ಷನ್ ಇಲ್ಲ, ಸಂಬಳದಿಂದ ಪಾಲು ಕಟ್ಟಿಕೊಳ್ಳುವ ಎನ್.ಪಿ.ಎಸ್. ಇದೆ. ನಾನು ಸೇರುವಾಗ 55 ಇತ್ತು, 2012ರಲ್ಲಿ 56 ಮಾಡಿದರು.

ದುಡ್ಡಿನ ಚಿಂತೆ ಅಷ್ಟಿಲ್ಲ. ಕೊನೆಯ 10 ತಿಂಗಳ ಸಂಬಳದ ಸರಾಸರಿ ನೋಡಿ ಪೆನ್ಷನ್ ಲೆಕ್ಕ ಹಾಕುತ್ತಾರೆ. ಬೇಕಿದ್ದರೆ ಅದರಲ್ಲಿ ಶೇಕಡಾ 40ರವರೆಗೆ ಕಮ್ಯುಟೇಶನ್ ಮಾಡಿ ಒಟ್ಟಿಗೇ ತೆಗೆದುಕೊಳ್ಳಬಹುದು, ಕಡಿತವಾದ ಭಾಗ 12 ವರ್ಷ ಕಳೆದ ಮೇಲೆ ಮತ್ತೆ ಸೇರುತ್ತದೆ. ಆ ದುಡ್ಡಿನಲ್ಲಿ ತೋಟಕ್ಕೆ ಹೊಸ ಪೈಪ್ ಹಾಕಬೇಕೆಂದು ಇವರು ಆಗಲೇ ಅಂದುಕೊಂಡಿದ್ದಾರೆ. ಆಗಲಿ.

ನನಗೆ ಕಷ್ಟವಾದದ್ದು ಬೇರೆ. ನನ್ನ ಸಮಯವನ್ನು ಎಲ್ಲರೂ ಹಂಚಿಕೊಂಡಾಗಿದೆ! ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಅಮ್ಮಾ, ಇನ್ನು ಪಾಪುವನ್ನು ಡೇಕೇರಿಗೆ ಬಿಡುವುದು ಬೇಡ ಅಲ್ವಾ?" ಅಂತ ಕೇಳಿದ. ಇವರಿಗೆ ತೋಟದ ಆಳುಗಳ ಲೆಕ್ಕ ಬರೆಯಲು ಜನ ಬೇಕು. ಈ ಸಲ ಮೇ 24ಕ್ಕೇ ಮುಂಗಾರು ಬಂತು. ಅಡಿಕೆಗೆ ಮೊದಲ ಬೋರ್ಡೋ ಮದ್ದಿನ ಸಿಂಪಡಣೆ ಅರ್ಧ ತೋಟಕ್ಕೂ ಆಗಿಲ್ಲ. ಕೊಳೆರೋಗದ ಹೆದರಿಕೆಯಲ್ಲಿ ಇವರು ರಾತ್ರಿ ಎದ್ದು ಮಳೆ ನೋಡುತ್ತಾರೆ. ಅವರಿಗೆ ಜೊತೆ ಬೇಕು, ಗೊತ್ತು ನನಗೆ. ಆದರೆ ಗಂಡಸರು ರಿಟೈರ್ ಆದರೆ "ಇನ್ನು ಆರಾಮಾಗಿರಿ" ಅನ್ನುತ್ತಾರೆ. ನನಗೆ ಹಾಗೆ ಹೇಳಿದ್ದು ಅತ್ತೆ ಒಬ್ಬರೇ. ಎಂಬತ್ತು ದಾಟಿದ ಅವರು ಇವತ್ತೂ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು.

ಇದರ ನಡುವೆ ನಿನ್ನೆ ಸಂಜೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ, ಅಂದರೆ ಎಚ್.ಎಂ. ಫೋನ್ ಬಂತು. "ಟೀಚರೇ, ನಿಮ್ಮ ಪೋಸ್ಟಿಗೆ ಬುಧವಾರ ದಿನವೇತನದ ಇಂಟರ್ವ್ಯೂ ಇಟ್ಟಿದ್ದೇವೆ. ನೀವೇ ಒಂದು ಅರ್ಜಿ ಹಾಕಿ. ಪಿ.ಟಿ.ಎ.ಯವರಿಗೂ ಒಪ್ಪಿಗೆ ಇದೆ." ಪಿ.ಟಿ.ಎ. ಅಂದರೆ ಹೆತ್ತವರ ಮತ್ತು ಟೀಚರುಗಳ ಸಂಘ. ದಿನವೇತನವೆಂದರೆ ಹೋದ ದಿನಕ್ಕೆ ಮಾತ್ರ ಸಂಬಳ. ಆದರೂ ಕೇಳಿದ ಕೂಡಲೇ ಖುಷಿಯಾಯಿತು. ಅದೇ ಕ್ಲಾಸು, ಅದೇ ಮಕ್ಕಳು.

ಕನ್ನಡ ಬಾರದವರು ಬಂದಾರು ಎನ್ನುವ ಎಚ್.ಎಂ. ಆತಂಕವೂ ಸುಳ್ಳಲ್ಲ. ನಮ್ಮದು ಕನ್ನಡ ಮಾಧ್ಯಮ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದವರನ್ನು ನೇಮಿಸಿದ್ದಕ್ಕೆ ಹೆತ್ತವರೂ ಮಕ್ಕಳೂ ಎಷ್ಟು ಸಲ ಪ್ರತಿಭಟನೆ ಮಾಡಿದ್ದಾರೆ! ಅಂಥ ಒಂದು ಕ್ಲಾಸನ್ನು ನಾನೇ ನೋಡಿದ್ದೇನೆ. ಟೀಚರ್ ಒಳ್ಳೆಯವರು, ಗಣಿತ ಚೆನ್ನಾಗಿ ಬಲ್ಲವರು. ಆದರೆ ಮಗು "ಯಾಕೆ ಹಾಗೆ?" ಅಂತ ಕೇಳಿದರೆ ಉತ್ತರ ಕೊಡಲು ಅವರ ಹತ್ತಿರ ಕನ್ನಡ ಇರಲಿಲ್ಲ. ಮಕ್ಕಳು ಬೋರ್ಡ್ ನೋಡಿ ಚಂದಕ್ಕೆ ಬರೆದುಕೊಳ್ಳುತ್ತಿದ್ದರು. ಕೇಳುವುದನ್ನೇ ಬಿಟ್ಟಿದ್ದರು. ಇಲ್ಲಿ ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳು ಕಡಿಮೆ. ಒಬ್ಬನದು ತುಳು, ಇನ್ನೊಬ್ಬಳದು ಬ್ಯಾರಿ, ಮತ್ತೊಬ್ಬಳದು ಕೊಂಕಣಿ ಅಥವಾ ಮಲಯಾಳ. ಒಂದನೇ ಕ್ಲಾಸಿನಲ್ಲಿ ಅವರ ಮಾತಿನಲ್ಲೇ ಶುರು ಮಾಡಿ ಮೆಲ್ಲ ಕನ್ನಡಕ್ಕೆ ತರಬೇಕು. ಆ ಕೆಲಸ ನನಗೆ ಬರುತ್ತದೆ. ಅದನ್ನು ಬಿಡಲು ಮನಸ್ಸಿಲ್ಲ.

ಗಂಟಲು ಮಾತ್ರ ಸೋತಿದೆ. ಕಳೆದ ವರ್ಷ ಶುಕ್ರವಾರ ಬರುವಷ್ಟರಲ್ಲಿ ಸ್ವರವೇ ಹೊರಡುತ್ತಿರಲಿಲ್ಲ. ಮಂಗಳೂರಿನ ಡಾಕ್ಟರು ಜೋರಾಗಿ ಮಾತಾಡಬೇಡಿ ಅಂದಿದ್ದಾರೆ. ಪುಟ್ಟ ಮಕ್ಕಳ ಕ್ಲಾಸಿನಲ್ಲಿ ಅದು ಆಗುವ ಮಾತಲ್ಲ. ಆದರೂ ಒಂದು ವರ್ಷ ಹೇಗೋ ನಡೆದೀತು ಅಂದುಕೊಂಡೆ. ಅಕ್ಕನೂ ಹಾಗೇ ಹೇಳಿದಳು: "ಹೋಗು ಮಾರಾಯ್ತಿ, ಮನೆಯಲ್ಲಿ ಕೂತರೆ ಮಂಡಿನೋವು ಜಾಸ್ತಿ ಆಗುತ್ತದೆ." ಬೆಳಿಗ್ಗೆ ಅರ್ಜಿ ಬರೆದೂ ಇಟ್ಟೆ.

ಮಧ್ಯಾಹ್ನ ಪೆರ್ಲ ಕಡೆಯಿಂದ ಒಬ್ಬಳು ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದಳು. ಟೀಚರ್ ತರಬೇತಿಯ ಡಿ.ಎಲ್.ಎಡ್. ಆಗಿದೆ, ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಿದೆ, ಸರಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದಾಳೆ. ಸಣ್ಣ ಮಗು ಇದೆ. ನಿವೃತ್ತಿಗೆ ಶುಭಾಶಯ ಹೇಳಿ, ಕೊನೆಗೆ ಮೆಲ್ಲ ಅಂದಳು: "ಟೀಚರ್, ಇಂಟರ್ವ್ಯೂಗೆ ನೀವು ಬರ್ತೀರಿ ಅಂತ ಕೇಳಿದೆ. ಹಾಗಾದರೆ ನಾನು ಬರುವುದಿಲ್ಲ. ಸುಮ್ನೆ ಮಗುವನ್ನು ಬಿಟ್ಟು ಅಷ್ಟು ದೂರ ಬಂದು ಏನು ಮಾಡಲಿ?"

ಬೇಸರದಲ್ಲಿ ಹೇಳಿದ್ದಲ್ಲ. ಅದು ಸಹಜ ಅನ್ನುವ ಹಾಗೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. ನಾನು ಇನ್ನೂ ಅರ್ಜಿ ಕೊಟ್ಟಿಲ್ಲ, ಆಗಲೇ ಒಬ್ಬಳು ಹಿಂದೆ ಸರಿದಳು. ಇನ್ನೆಷ್ಟು ಜನ ಹೀಗೆ ಸುಮ್ಮನಾಗಿದ್ದಾರೋ! ಹೀಗಾದರೆ ಬುಧವಾರ ಕನ್ನಡ ಬಲ್ಲವರು ಯಾರೂ ಬರುವುದಿಲ್ಲ, ಅನುಭವದ ಟೀಚರನ್ನು ಬಿಟ್ಟರೆ ಗತಿಯಿಲ್ಲ ಅಂತ ಎಲ್ಲರೂ ನಂಬುತ್ತಾರೆ. 2022ರ ಅಕ್ಟೋಬರ್ ಕೊನೆಗೆ ಕೇರಳ ಸರಕಾರ ಸಾರ್ವಜನಿಕ ಉದ್ಯಮಗಳಲ್ಲಿ ನಿವೃತ್ತಿ ವಯಸ್ಸನ್ನು 60 ಮಾಡಿ ಆದೇಶ ಹೊರಡಿಸಿತ್ತು. ಯುವಜನ ಸಂಘಟನೆಗಳು ಎದ್ದು ನಿಂತವು, ಕೆಲವೇ ದಿನಗಳಲ್ಲಿ ಆದೇಶವನ್ನು ತಡೆಹಿಡಿದರು. ಮುಂದೆ ನಮಗೂ ಅದು ಬಂದೀತು ಅಂದುಕೊಂಡಿದ್ದ ನಮಗೆಲ್ಲ ಆಗ ಸ್ಟಾಫ್ ರೂಮಿನಲ್ಲಿ ನಿರಾಸೆಯಾಗಿತ್ತು. ಆ ಹುಡುಗ ಹುಡುಗಿಯರು ಯಾಕೆ ಬೀದಿಗಿಳಿದರು ಅಂತ ಇವತ್ತು ಈ ಒಂದು ಫೋನಿನಲ್ಲಿ ಅರ್ಥವಾಯಿತು. ನಾನೂ ದಿನವೇತನದಿಂದಲೇ ಶುರು ಮಾಡಿದವಳು. ಅಂದು ನನ್ನ ಟೀಚರ್ ಒಬ್ಬರು ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದರೆ ನಾನೂ ಹೋಗುತ್ತಿರಲಿಲ್ಲ.

ಅವಳಿಗೆ ಖಂಡಿತ ಬರಲು ಹೇಳಿದೆ. ಸಂಜೆ ಎಚ್.ಎಂ.ಗೆ ಫೋನ್ ಮಾಡಿ ಅರ್ಜಿ ಹಾಕುವುದಿಲ್ಲ ಅಂದೆ. ಅವರಿಗೆ ಅಷ್ಟು ಇಷ್ಟವಾಗಲಿಲ್ಲ. "ಯಾರೂ ಸಿಗದಿದ್ದರೆ?" ಅಂತ ಕೇಳಿದರು. ಸಿಗದಿದ್ದರೆ ಸಿಗುವವರೆಗೆ ಬರುತ್ತೇನೆ, ಕನ್ನಡ ಬಲ್ಲವರು ಬಂದ ದಿನ ಬಿಡುತ್ತೇನೆ ಅಂದೆ. "ಹಾಗಾದರೆ ಇಂಟರ್ವ್ಯೂ ಬೋರ್ಡಿನಲ್ಲಿ ಕೂತುಕೊಳ್ಳಿ ಟೀಚರೇ, ಅವರ ಕನ್ನಡ ನೋಡಲು ಒಬ್ಬರು ಬೇಕು" ಅಂದರು. ಅದೂ ಆಗುವುದಿಲ್ಲ ಅಂದೆ. ನನ್ನ ವಿದ್ಯಾರ್ಥಿನಿ ಬರುವಾಗ ನಾನು ಅಲ್ಲಿ ಇರಬಾರದು, ಅಲ್ವಾ? ಒಂದು ವಿಷಯ ಮಾತ್ರ ಕೇಳಿಕೊಂಡೆ. ಸರ್ಟಿಫಿಕೇಟ್ ಮಾತ್ರ ನೋಡಿ ಆರಿಸಬೇಡಿ. ಬಂದವರೆಲ್ಲರ ಕೈಗೆ ಮೂರನೇ ಕ್ಲಾಸಿನ ಗಣಿತ ಪುಸ್ತಕ ಕೊಡಿ, ಶಾಲೆಯ ಮಕ್ಕಳನ್ನೇ ಮುಂದೆ ಕೂರಿಸಿ, ಭಾಗಾಕಾರದ ಒಂದು ಲೆಕ್ಕ ಕನ್ನಡದಲ್ಲಿ ಹೇಳಿಕೊಡಲು ಬಿಡಿ. ಮಕ್ಕಳು ಏನಾದರೂ ಕೇಳುತ್ತಾರೋ ಅಂತ ನೋಡಿ. ಎಚ್.ಎಂ. ಅದಕ್ಕೆ ಒಪ್ಪಿದರು.