ತಜ್ಞರಿಗೆ ಕಪ್ಪು ಕೋಟು ಯಾಕೆ?

ಧಾರವಾಡ, 14 ಜುಲೈ 2025, ಸೋಮವಾರ

ಮಳೆ ಬಿಟ್ಟಿಲ್ಲ. ಸಂಜೆ ನವನಗರದ ಮೂಟ್ ಕೋರ್ಟ್ (ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ) ತಾಲೀಮಿನಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ನದಿ ಲೆಕ್ಕ ಎಂಜಿನಿಯರಿಗೇ ಗೊತ್ತಿರೂದು. ಅವರನ್ನ ವಕೀಲರ ಸಾಲಿನಾಗ ನಿಲ್ಲಿಸಿ ಮಾತಾಡಿಸಿದ್ರ ಏನಾತು?"

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಅರ್ಜೆಂಟೀನಾ, ಉರುಗ್ವೆ ಎರಡೂ ಮಾಡಿದ್ದು ಅದನ್ನೇ. ಉರುಗ್ವೆ ನದಿ ದಂಡೆಯ ಕಾಗದದ ತಿರುಳಿನ ಕಾರ್ಖಾನೆಯ ವ್ಯಾಜ್ಯ, 2010ರ ತೀರ್ಪು. ವಿಜ್ಞಾನಿಗಳು ವಕೀಲರಾಗಿ ಎದ್ದು ನಿಂತು ಮಾತಾಡಿದರು. ವಕೀಲರಿಗೆ ಪ್ರಮಾಣವಚನವಿಲ್ಲ, ಪಾಟೀಸವಾಲೂ ಇಲ್ಲ. ನ್ಯಾಯಾಲಯ ತೀರ್ಪಿನಲ್ಲೇ ಬೇಸರ ತೋಡಿಕೊಂಡಿತು: ನಮ್ಮ ನಿಯಮಾವಳಿಯ 57 ಮತ್ತು 64ರ ಪ್ರಕಾರ ತಜ್ಞ ಸಾಕ್ಷಿಗಳಾಗಿ ಬಂದಿದ್ದರೆ ಎದುರಿನವರೂ ನಾವೂ ಪ್ರಶ್ನೆ ಕೇಳಬಹುದಿತ್ತು ಅಂತ. ನ್ಯಾಯಾಧೀಶರಾದ ಅಲ್-ಖಸಾವ್ನೆ ಮತ್ತು ಸಿಮ್ಮಾ ಭಿನ್ನಮತದಲ್ಲಿ ಇನ್ನೂ ಕಟುವಾಗಿ ಬರೆದರು. ತಜ್ಞರನ್ನು ನೇಮಿಸಲು ಅಧಿಕಾರ ಕೊಡುವ, ನ್ಯಾಯಾಲಯದ ಮೂಲ ಕಾನೂನಿನ 50ನೇ ವಿಧಿ ಕೈಯಲ್ಲಿದ್ದೂ ಪೀಠವೇ ತಜ್ಞರನ್ನು ನೇಮಿಸಲಿಲ್ಲ ಎಂಬುದು ಅವರ ಸಿಟ್ಟು. ಸರಿಯಾದ ಸಿಟ್ಟು.

ಪಾಟೀಸವಾಲಿನಿಂದ ಏನು ಹೊರಬೀಳುತ್ತದೆ ಅಂತ ನೋಡಬೇಕಾದರೆ ಅದೇ ನ್ಯಾಯಾಲಯದಲ್ಲಿ ಜಪಾನಿನ ಮೇಲೆ ಆಸ್ಟ್ರೇಲಿಯಾ ಹೂಡಿದ ಅಂಟಾರ್ಕ್ಟಿಕ ತಿಮಿಂಗಿಲ ಪ್ರಕರಣ ಓದಬೇಕು. ಸಂಶೋಧನೆಗೆಂದು ವರ್ಷಕ್ಕೆ ಸುಮಾರು 850 ಮಿಂಕೆ ತಿಮಿಂಗಿಲ ಬೇಕು ಅಂತ ಜಪಾನ್ ವಾದ. ಆ 850 ಎಲ್ಲಿಂದ ಬಂತು? ಜಪಾನೇ ಕರೆತಂದ ತಜ್ಞ ಲಾರ್ಸ್ ವಾಲೋ, ಮಾದರಿ ಸಂಖ್ಯೆ ಹೇಗೆ ತೆಗೆದರೆಂದು ಜಪಾನಿನ ವಿಜ್ಞಾನಿಗಳು ಪ್ರತಿಸಲವೂ ಸ್ಪಷ್ಟವಾಗಿ ವಿವರಿಸಿದ್ದಾರೆ ಅನ್ನಲಾಗದು ಅಂತ ಒಪ್ಪಿಕೊಂಡರು. 31 ಮಾರ್ಚ್ 2014ರ ತೀರ್ಪಿನಲ್ಲಿ ಆ ಮಾತು ದಾಖಲಾಗಿದೆ. ಜಪಾನ್ 12–4ರಿಂದ ಸೋತಿತು. ಕರೆತಂದವರಿಗೆ ನಷ್ಟವಾಯಿತು, ನಿಜ. ಆದರೆ ವಾಲೋ ಅವರ ಉಳಿದ ಮಾತಿಗೆ ತೂಕ ಬಂದದ್ದೂ ಅದರಿಂದಲೇ.

ತಜ್ಞರ ವರದಿಗಳು ಹೆಚ್ಚಾಗಿ ಕೆಡುವುದು ಮೊದಲ ಎರಡು ಪುಟದಲ್ಲಿ. ವಕೀಲರು ಕೊಟ್ಟ ಸೂಚನೆ ಏನು, ಯಾವ ಅಂಕಿ ತಾನೇ ಪರಿಶೀಲಿಸಿದ್ದು, ಯಾವುದು 'ಹೀಗಂತ ಇಟ್ಕೊಳ್ರಿ' ಅಂತ ಕೊಟ್ಟದ್ದು, ಕಕ್ಷಿದಾರರ ಜೊತೆ ಹಿಂದೆ ಏನು ಸಂಬಂಧ — ಇಷ್ಟನ್ನು ಬಿಡಿಸಿ ಬರೆಯಬೇಕು. ಬರೆಯದಿದ್ದರೆ ಎದುರಿನ ವಕೀಲ ಮೊದಲ ಪ್ರಶ್ನೆ ಅಲ್ಲಿಂದಲೇ ಎತ್ತುತ್ತಾನೆ. ಇನ್ನೊಂದು ಗೋಳು: ಒಬ್ಬರು 75% ಭರವಸೆಯ ನೀರಿನ ಲೆಕ್ಕ ತೆಗೆಯುತ್ತಾರೆ, ಅಂದರೆ ನೂರರಲ್ಲಿ ಎಪ್ಪತ್ತೈದು ವರ್ಷ ಅಷ್ಟಾದರೂ ಹರಿಯುವ ನೀರು, ಇನ್ನೊಬ್ಬರು 90%ರದ್ದು, ಅದು ಸಹಜವಾಗಿ ಕಡಿಮೆ. ಇಬ್ಬರ ಗಣಿತವೂ ಸರಿ, ಪ್ರಶ್ನೆಯೇ ಬೇರೆ ಬೇರೆ. ಅದಕ್ಕೇ ವಿಚಾರಣೆಗೆ ಮುಂಚೆ ಇಬ್ಬರನ್ನೂ ವಕೀಲರಿಲ್ಲದೆ ಕೂಡಿಸಿ, ಒಪ್ಪಿದ್ದೆಷ್ಟು, ಒಪ್ಪದ್ದೆಷ್ಟು, ಯಾಕೆ ಅಂತ ಒಂದು ಜಂಟಿ ಟಿಪ್ಪಣಿ ಬರೆಸುವುದು. ಮಧ್ಯಸ್ಥಿಕೆ ಪೀಠಗಳಲ್ಲಿ ಇದು ರೂಢಿ. ಮಹದಾಯಿ ವಾದ ಕೇಳಿಕೊಂಡೇ ಬೆಳೆದ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಕಿರಲಿಲ್ಲ, ನಕ್ಕರು.

ಕರೆಂಟು ಹೋಗಿ ಬಂತು.

ಪೀಠವೇ ನೇಮಿಸಿದರೆ ಎಲ್ಲ ಸರಿಹೋಗುತ್ತದೆಯೆ? ಕೋರ್ಫು ಜಲಸಂಧಿ ಪ್ರಕರಣದಲ್ಲಿ ನೌಕಾ ತಜ್ಞರು ಅಲ್ಬೇನಿಯಾದ ಕರಾವಳಿಗೇ ಹೋಗಿ ನೋಡಿ ಬಂದರು. ಅದು ಚೆನ್ನಾಗಿ ನಡೆಯಿತು. ಕಾಂಗೋಗೆ ಉಗಾಂಡಾ ಕೊಡಬೇಕಾದ ಯುದ್ಧ ಪರಿಹಾರದ ಲೆಕ್ಕಕ್ಕೆ 2020ರಲ್ಲಿ ನಾಲ್ವರನ್ನು ನೇಮಿಸಿದರು, 2022ರಲ್ಲಿ 32.5 ಕೋಟಿ ಡಾಲರ್ ಗೊತ್ತುಮಾಡಿದರು. ನನಗೆ ಕಿರಿಕಿರಿ ಮಾಡುವುದು ಇವರಲ್ಲ. ತೆರೆಯ ಹಿಂದೆ ನ್ಯಾಯಾಧೀಶರು ಸದ್ದಿಲ್ಲದೆ ಕೇಳಿಕೊಳ್ಳುವ ನಕ್ಷೆ ತಜ್ಞರು. ಅವರು ಏನಂದರೋ ಕಕ್ಷಿದಾರರಿಗೆ ತಿಳಿಯುವುದೇ ಇಲ್ಲ.

ಭಾರತ–ಪಾಕಿಸ್ತಾನದ ಸಿಂಧೂ ನದಿ ನೀರಿನ ಒಪ್ಪಂದ ಇನ್ನೊಂದು ದಾರಿ ಹಿಡಿಯಿತು. ಅದರಡಿ ಕಿಶನ್‌ಗಂಗಾ ಜಲವಿದ್ಯುತ್ ಯೋಜನೆಯ ವ್ಯಾಜ್ಯ ಕೇಳಿದ ಮಧ್ಯಸ್ಥಿಕೆ ಪೀಠದಲ್ಲಿ ಜಲವಿಜ್ಞಾನಿ ಹೋವರ್ಡ್ ವೀಟರ್ ಪಂಚರಲ್ಲೊಬ್ಬರಾಗಿಯೇ ಕೂತಿದ್ದರು. ಡಿಸೆಂಬರ್ 2013ರ ಅಂತಿಮ ತೀರ್ಪು ಕನಿಷ್ಠ 9 ಕ್ಯುಮೆಕ್ಸ್ ಹರಿವು ಬಿಡಿ ಅಂತು, ಸೆಕೆಂಡಿಗೆ ಒಂಬತ್ತು ಸಾವಿರ ಲೀಟರ್. ಹುಡುಗನಿಗೆ ಇದನ್ನು ಹೇಳಿದ್ದೇ ತಡ, "ಹಂಗಾದ್ರ ಕುರ್ಚಿ ಮ್ಯಾಲ ಕುಂತ ಎಂಜಿನಿಯರಿಗೆ ಪಾಟೀಸವಾಲು ಯಾರ್ ಮಾಡ್ತಾರ್ರೀ?" ಅಂದ. ಪೀಠದ ಉಳಿದ ಸದಸ್ಯರು ಅಂದೆ. ಆದರೆ ಅವರೆಲ್ಲ ಕಾನೂನಿನವರು, ಹರಿವಿನ ಲೆಕ್ಕಕ್ಕೆ ಅವರೂ ಆತನ ಮುಖವನ್ನೇ ನೋಡಬೇಕು.