ಎರಡು ಬಾಟಲಿಗಳಷ್ಟೇ ತರಬಹುದಾದಾಗ: ಬರ್ಗಂಡಿಯ ಸಣ್ಣ ಬೆಳೆಗಾರರ ವೈನ್

ವಿದೇಶದಿಂದ ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್ ಮಾತ್ರ. ವೈನ್ ಬಾಟಲಿ ಸಾಮಾನ್ಯವಾಗಿ 750 ಮಿಲಿಲೀಟರಿನದಾದ್ದರಿಂದ ಎರಡು ಬಾಟಲಿಗಳಿಗೆ ಅವಕಾಶವಿದೆ, ಮೂರನೆಯದು ಮಿತಿ ದಾಟುತ್ತದೆ. ಮಗಳು ಫ್ರಾನ್ಸಿನ ಡಿಜಾನ್ ನಗರದಲ್ಲಿ ಓದುತ್ತಿರುವುದರಿಂದ ನಾನು ಮೈಸೂರಿನಿಂದ ಅಲ್ಲಿಗೆ ಹೋಗಿಬರುವುದುಂಟು. ಡಿಜಾನ್‌ನ ದಕ್ಷಿಣಕ್ಕೆ ಬರ್ಗಂಡಿಯ ದ್ರಾಕ್ಷಿ ತೋಟಗಳು ಆರಂಭವಾಗುತ್ತವೆ; ಜಗತ್ತಿನಲ್ಲಿ ಅತ್ಯಂತ ದುಬಾರಿ ಎನಿಸಿಕೊಂಡ ಕೆಲವು ವೈನ್‌ಗಳು ತಯಾರಾಗುವುದು ಅಲ್ಲಿಯೇ. ಸರಸ್ವತೀಪುರಂನ ನಮ್ಮ ಗೆಳೆಯರ ಬಳಗದಲ್ಲಿ ವೈನ್ ಕುರಿತು ಆಸಕ್ತಿಯುಳ್ಳವರು ಪ್ರತಿ ಸಲವೂ ಕೇಳುವ ಪ್ರಶ್ನೆ ಒಂದೇ: ಸಂಬಳದಾರರ ಕೈಗೆಟುಕುವ ಬೆಲೆಯಲ್ಲಿ ಅಲ್ಲಿ ಒಳ್ಳೆಯ ವೈನ್ ಸಿಗುತ್ತದೆಯೇ? ಖಂಡಿತ ಸಿಗುತ್ತದೆ. ಆದರೆ ಪ್ರಸಿದ್ಧ ಊರಿನ ಹೆಸರನ್ನು ಹುಡುಕುವುದನ್ನು ಬಿಟ್ಟು, ಬೆಳೆದವರ ಹೆಸರನ್ನು ಹುಡುಕಬೇಕು.

ಇದಕ್ಕೆ ಕಾರಣ ಅಲ್ಲಿನ ಜಮೀನಿನ ಚರಿತ್ರೆಯಲ್ಲಿದೆ. ಮಧ್ಯಯುಗದಲ್ಲಿ ಇಲ್ಲಿನ ಅನೇಕ ತೋಟಗಳು ಕ್ರೈಸ್ತ ಮಠಗಳ ಸ್ವತ್ತಾಗಿದ್ದವು. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದ ಸನ್ಯಾಸಿಗಳು ಕ್ಲೋ ದ ವೂಜೋ ಎಂಬ ತೋಟಕ್ಕೆ ಕಟ್ಟಿಸಿದ ಕಲ್ಲಿನ ಗೋಡೆ ಇಂದಿಗೂ ನಿಂತಿದೆ. 1789ರ ಕ್ರಾಂತಿಯ ನಂತರ ಮಠಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡು ಮಾರಲಾಯಿತು. 1804ರ ನೆಪೋಲಿಯನ್ ಸಂಹಿತೆಯು ಮಕ್ಕಳೆಲ್ಲರಿಗೂ ಆಸ್ತಿಯಲ್ಲಿ ಸಮಪಾಲನ್ನು ವಿಧಿಸಿದ್ದರಿಂದ ತಲೆಮಾರಿನಿಂದ ತಲೆಮಾರಿಗೆ ತೋಟಗಳು ತುಂಡಾಗುತ್ತಾ ಹೋದವು. ಮಂಡ್ಯದ ನಾಲೆ ಬಯಲಿನಲ್ಲಿ ಒಂದೇ ಸರ್ವೆ ನಂಬರು ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗಿ, ಹಿಸ್ಸೆಯೊಳಗೆ ಮತ್ತೆ ಹಿಸ್ಸೆಯಾಗಿ, ಕೊನೆಗೆ ಒಬ್ಬೊಬ್ಬರ ಪಹಣಿಯಲ್ಲಿ ಕೆಲವೇ ಗುಂಟೆ ಉಳಿದಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು 50 ಹೆಕ್ಟೇರಿನ ಆ ಕ್ಲೋ ದ ವೂಜೋ ಇಂದು ಎಂಬತ್ತರಷ್ಟು ಮಾಲೀಕರ ನಡುವೆ ಹಂಚಿಹೋಗಿದೆ. ಅವರೆಲ್ಲರ ಬಾಟಲಿಗಳ ಮೇಲೂ ಅತ್ಯುನ್ನತ ದರ್ಜೆಯಾದ ಗ್ರಾಂ ಕ್ರೂ ಎಂಬ ಮುದ್ರೆಯೇ ಇರುತ್ತದೆ, ಆದರೆ ಎಲ್ಲರ ದುಡಿಮೆಯೂ ಒಂದೇ ಆಗಿರುವುದಿಲ್ಲ. ಇಳಿಜಾರಿನ ಮೇಲ್ಭಾಗದಲ್ಲಿ ಪಾಲು ಪಡೆದವನಿಗೂ ರಸ್ತೆಯ ಪಕ್ಕದ ತೇವದ ನೆಲ ಸಿಕ್ಕವನಿಗೂ ಬೆಳೆ ಒಂದೇ ಬಗೆಯದಲ್ಲ.

ಬರ್ಗಂಡಿಯ ವೈನ್‌ಗಳಿಗೆ ನಾಲ್ಕು ದರ್ಜೆಗಳಿವೆ. ಮೇಲಿನಿಂದ ಗ್ರಾಂ ಕ್ರೂ, ಪ್ರೀಮಿಯೇ ಕ್ರೂ, ಆಮೇಲೆ ಊರಿನ ಹೆಸರನ್ನು ಹೊತ್ತ ವೈನ್, ಎಲ್ಲಕ್ಕಿಂತ ಕೆಳಗೆ ಕೇವಲ ಬೂರ್ಗೋಞ್ ಎಂಬ ಪ್ರಾಂತದ ಹೆಸರಿನ ವೈನ್. ಗಮನಿಸಬೇಕಾದ ಸಂಗತಿಯೆಂದರೆ ಈ ದರ್ಜೆ ನೆಲಕ್ಕೆ ಕೊಟ್ಟದ್ದೇ ಹೊರತು ಮಾಡಿದವರಿಗೆ ಕೊಟ್ಟದ್ದಲ್ಲ. ಹಾಗಾಗಿ ಪ್ರಸಿದ್ಧ ನೆಲದ್ದಾದರೂ ಉದಾಸೀನದಿಂದ ಮಾಡಿದ ವೈನ್‌ಗೆ ನೂರಾರು ಯೂರೋ ತೆರುವುದಕ್ಕಿಂತ, ನಿಷ್ಠೆಯಿಂದ ದುಡಿಯುವ ಸಣ್ಣ ಬೆಳೆಗಾರನ ಅತ್ಯಂತ ಕೆಳದರ್ಜೆಯ ಬಾಟಲಿಯನ್ನು ಕೊಳ್ಳುವುದು ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥ ಬೆಳೆಗಾರ ತನ್ನ ದುಬಾರಿ ತೋಟಕ್ಕೆ ತೋರುವ ಶ್ರದ್ಧೆಯನ್ನೇ, ಹೆದ್ದಾರಿಯ ಪೂರ್ವಕ್ಕಿರುವ ಬಯಲಿನ ತನ್ನ ಸಾಮಾನ್ಯ ತೋಟಕ್ಕೂ ತೋರಿರುತ್ತಾನೆ. ಊರಿನ ಗಡಿಯಿಂದ ಕೆಲವೇ ಹೆಜ್ಜೆ ಆಚೆಗಿದೆ ಎಂಬ ಒಂದೇ ಕಾರಣಕ್ಕೆ ಬೂರ್ಗೋಞ್ ದರ್ಜೆಗೆ ಇಳಿದ ತೋಟಗಳು ಅಲ್ಲಿ ಎಷ್ಟೋ ಇವೆ. 2017ರಿಂದ ಬೂರ್ಗೋಞ್ ಕೋತ್ ದೋರ್ ಎಂಬ ಹೆಸರೂ ಬಳಕೆಗೆ ಬಂದಿದೆ. ದ್ರಾಕ್ಷಿ ದೂರದ ಬೇರೆ ಭಾಗಗಳದ್ದಲ್ಲ, ಡಿಜಾನ್‌ನಿಂದ ಮರಾಂಜ್‌ವರೆಗಿನ ಆ ಪ್ರಖ್ಯಾತ ಬೆಟ್ಟಸಾಲಿನದ್ದೇ ಎಂಬ ಖಾತರಿ ಆ ಹೆಸರಿನಿಂದ ದೊರೆಯುತ್ತದೆ.

ಲೇಬಲ್ ಓದುವಾಗ ನಾನು ಮೊದಲು ನೋಡುವುದು ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಸಾಲನ್ನು. 'ಮೀಸ್ ಆಂ ಬುತೇಯ್ ಓ ದೊಮೇನ್' ಎಂದಿದ್ದರೆ ಬೆಳೆದವರೇ ವೈನ್ ಮಾಡಿ, ತಮ್ಮಲ್ಲೇ ಬಾಟಲಿಗೆ ತುಂಬಿಸಿದ್ದಾರೆ ಎಂದು ಅರ್ಥ. ನೆಗೋಸಿಯಾಂ ಎಂದು ಕರೆಯಲಾಗುವ ವ್ಯಾಪಾರಿಗಳು ಅನೇಕ ರೈತರಿಂದ ದ್ರಾಕ್ಷಿಯನ್ನೋ ವೈನನ್ನೋ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ, ತಮ್ಮದೇ ತೋಟವುಳ್ಳವರೂ ಇದ್ದಾರೆ. ಆದರೂ ಸಣ್ಣ ಹಿಡುವಳಿದಾರರ ಕೈಗುಣವನ್ನು ಅರಿಯಬೇಕೆಂದರೆ ದೊಮೇನ್, ಅಂದರೆ ಬೆಳೆಗಾರರ ಸ್ವಂತ ತೋಟ, ಎಂಬ ಪದವಿರುವ ಬಾಟಲಿಯೇ ಬೇಕು.

ಇನ್ನು ಊರುಗಳ ವಿಚಾರ. ಬಿಳಿ ವೈನ್‌ಗೆ ನಾನು ಮೊದಲು ಹೇಳುವ ಹೆಸರು ಸಾಂತ್ ಓಬಾಂ. ಪುಲಿಞಿ ಮೋಂರಾಶೇ ಮತ್ತು ಶಸಾಞ್ ಮೋಂರಾಶೇ ಎಂಬ ಎರಡು ಮಹಾಪ್ರಸಿದ್ಧ ಊರುಗಳ ಬೆನ್ನಿಗೆ, ಪಕ್ಕದ ಕಣಿವೆಯೊಳಗೆ ಈ ಊರಿದೆ. ಇದರ ಆಂ ರೆಮಿಯಿ ಎಂಬ ಪ್ರೀಮಿಯೇ ಕ್ರೂ ತೋಟದಿಂದ ಮೋಂರಾಶೇ ಗ್ರಾಂ ಕ್ರೂ ತೋಟ ಬಹಳ ಹತ್ತಿರ, ಆದರೆ ಬೆಲೆಗಳ ನಡುವಿನ ಅಂತರ ಅಗಾಧ. ಹಿಂದಿನ ಕಾಲದಲ್ಲಿ ಎತ್ತರದಲ್ಲಿರುವ ಇಂತಹ ಪಕ್ಕದ ಕಣಿವೆಗಳು ತಂಪು ಹೆಚ್ಚಾಗಿ ದ್ರಾಕ್ಷಿ ಸರಿಯಾಗಿ ಮಾಗದ ಜಾಗಗಳೆಂದು ಹೆಸರಾಗಿದ್ದವು. ಈಗ ಹವಾಮಾನ ಬಿಸಿಯೇರಿರುವುದರಿಂದ ಆ ತಂಪೇ ವರವಾಗಿದೆ. 2018, 2020, 2022ರಂತಹ ಬಿಸಿಯ ವರ್ಷಗಳಲ್ಲಿ ತಗ್ಗಿನ ತೋಟಗಳ ವೈನ್ ದಪ್ಪವಾಗಿ, ಮದ್ಯಾಂಶ ಹೆಚ್ಚಾಗಿ ಬಂದರೆ, ಎತ್ತರದ ತೋಟಗಳ ವೈನ್‌ನಲ್ಲಿ ಹುಳಿಯ ಚುರುಕು ಉಳಿದಿರುತ್ತದೆ.

ಆ ಎತ್ತರದ ಊರುಗಳಲ್ಲಿ ಸಾಂ ರೊಮಾಂ ಒಂದು. ಕಡಿದಾದ ಸುಣ್ಣಕಲ್ಲಿನ ಬಂಡೆಗಳ ಬುಡದಲ್ಲಿರುವ ಈ ಊರಿಗೆ ಒಂದೇ ಒಂದು ಪ್ರೀಮಿಯೇ ಕ್ರೂ ತೋಟವೂ ಇಲ್ಲ, ಆದ್ದರಿಂದಲೇ ಬೆಲೆಯೂ ಸೌಮ್ಯ. ಅಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ತೋಟಕ್ಕೆ, ಮಗಳು ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡಿದ್ದರಿಂದ, ನಾವು ಹೋಗಿದ್ದೆವು. ಮನೆಯ ಕೆಳಗಿನ ನೆಲಮಾಳಿಗೆಯಲ್ಲಿ 228 ಲೀಟರಿನ ಓಕ್ ಪೀಪಾಯಿಗಳು ಎರಡು ಸಾಲಾಗಿದ್ದವು. ಒಂದೊಂದರ ಮುಖದ ಮೇಲೂ ಸೀಮೆಸುಣ್ಣದಲ್ಲಿ ತೋಟದ ಹೆಸರು ಬರೆದಿತ್ತು. ಆಕೆ ಪೀಪಾಯಿಯ ಬಿರಡೆ ತೆಗೆದು, ಉದ್ದನೆಯ ಗಾಜಿನ ನಳಿಗೆಯನ್ನು ಇಳಿಸಿ, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿ, ನಮ್ಮ ಲೋಟಗಳಿಗೆ ಎರಡೆರಡು ಗುಟುಕಿನಷ್ಟು ಬಿಟ್ಟರು. ಹಳೆಯ ಪೀಪಾಯಿಯಲ್ಲಿದ್ದ, ಶಾರ್ಡನೇ ಎಂಬ ಬಿಳಿ ದ್ರಾಕ್ಷಿಯ ವೈನ್ ನಿಂಬೆಸಿಪ್ಪೆಯ ಘಮದೊಂದಿಗೆ ನೇರವಾಗಿ, ಬಿಗಿಯಾಗಿತ್ತು. ಪಕ್ಕದ ಹೊಸ ಪೀಪಾಯಿಯಲ್ಲಿದ್ದ ಅದೇ ತೋಟದ ವೈನ್‌ಗೆ ಮರದ ಸಿಹಿ ವಾಸನೆ ಹತ್ತಿತ್ತು. ಹೊಸ ಓಕ್ ದುಬಾರಿಯೆಂದು ಅವರು ಅದನ್ನು ಕಡಿಮೆ ಬಳಸುತ್ತಾರಂತೆ, ಆದರೆ ನನ್ನ ನಾಲಿಗೆಗೆ ಹಳೆಯ ಪೀಪಾಯಿಯದೇ ಹೆಚ್ಚು ಹಿಡಿಸಿತು. ಒಂದು ಪೀಪಾಯಿಯಿಂದ ಸುಮಾರು 300 ಬಾಟಲಿ ಸಿಗುತ್ತದೆ. 2021ರ ಏಪ್ರಿಲ್‌ನ ಹಿಮದಲ್ಲಿ ಚಿಗುರು ಸುಟ್ಟುಹೋಗಿ ಬರ್ಗಂಡಿಯ ಶಾರ್ಡನೇ ಬೆಳೆಗೆ ದೊಡ್ಡ ಪೆಟ್ಟು ಬಿದ್ದಿತ್ತು. ಇಷ್ಟು ಚಿಕ್ಕ ತೋಟದವರಿಗೆ ಅಂಥ ಒಂದು ವರ್ಷವೆಂದರೆ ಏನೆಂಬುದು ಆ ಎರಡು ಸಾಲು ಪೀಪಾಯಿಗಳನ್ನು ನೋಡಿದಾಗ ಮನಸ್ಸಿಗೆ ನಾಟಿತು.

ಕೆಂಪು ವೈನ್‌ಗೆ ಆ ಬೆಟ್ಟಸಾಲಿನ ಎರಡು ತುದಿಗಳನ್ನು ಹಿಡಿಯಬೇಕು. ಉತ್ತರದ ತುದಿಯಲ್ಲಿ ಡಿಜಾನ್‌ಗೆ ಅಂಟಿಕೊಂಡಿರುವ ಮಾರ್ಸನೇ ಇದೆ, ಅದಕ್ಕೆ ಊರಿನ ದರ್ಜೆ ದೊರೆತದ್ದು 1987ರಲ್ಲಿ. ದಕ್ಷಿಣದ ತುದಿಯ ಮರಾಂಜ್ ಹಳ್ಳಿಗಾಡಿನ ಒರಟುತನವುಳ್ಳ, ಹೊಟ್ಟೆ ತುಂಬ ಊಟದ ಜೊತೆ ಕುಡಿಯುವ, ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯ ವೈನ್‌ಗೆ ಹೆಸರಾದದ್ದು. ಎರಡರಲ್ಲಿ ನನ್ನ ಮನಸ್ಸು ಮಾರ್ಸನೇಯ ಕಡೆಗೇ ವಾಲುತ್ತದೆ. ಇನ್ನೂ ದಕ್ಷಿಣಕ್ಕೆ ಹೋದರೆ ಜೀವ್ರಿ, ರುಯ್ಯಿ, ಮೆರ್ಕ್ಯುರೇ ಊರುಗಳಿವೆ. ಅಲ್ಲಿಯೇ ಬುಜ್ರೋಂ ಇದೆ. ಶಾರ್ಡನೇಯ ನೆರಳಿನಲ್ಲಿ ಉಳಿದುಹೋದ ಅಲಿಗೊತೆ ಎಂಬ ಬಿಳಿ ದ್ರಾಕ್ಷಿಗೆಂದೇ 1998ರಲ್ಲಿ ಊರಿನ ದರ್ಜೆ ಪಡೆದ ಜಾಗ ಅದು. ತವಾದಲ್ಲಿ ಹುರಿದು ನಿಂಬೆಹಣ್ಣು ಹಿಂಡಿದ ಮೀನಿಗೆ ಅಲಿಗೊತೆಯ ಹುಳಿಯಷ್ಟು ಹೊಂದುವ ವೈನ್ ನನಗೆ ಬೇರೆ ಸಿಕ್ಕಿಲ್ಲ.

ಮೈಸೂರಿಗೆ ತಂದ ಮೇಲಿನ ಉಪಚಾರವೂ ಮುಖ್ಯ. ನಮ್ಮ ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಅಡುಗೆಮನೆಯ ಅಟ್ಟದ ಮೇಲಿಟ್ಟರೆ ಯಾವ ವೈನೂ ಉಳಿಯುವುದಿಲ್ಲ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಅಡ್ಡಲಾಗಿ ಮಲಗಿಸಿಟ್ಟು ಕೆಲವು ತಿಂಗಳೊಳಗೆ ಕುಡಿಯುವುದು ಒಳಿತು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಮಾತು ಯೂರೋಪಿನ ಹಳೆಯ ತಣ್ಣನೆಯ ಕೋಣೆಗಳಿಗೆ ಸಂಬಂಧಿಸಿದ್ದು. ಇಲ್ಲಿ ಪಿನೋ ನ್ವಾರನ್ನು 15 ಡಿಗ್ರಿಯ ಆಸುಪಾಸಿನಲ್ಲಿ ಬಡಿಸಿದರೆ ಅದರ ಹಣ್ಣಿನ ಘಮ ಉಳಿಯುತ್ತದೆ, ಬೆಚ್ಚಗಾದರೆ ಬರೀ ಮದ್ಯದ ಘಾಟು ಮೂಗಿಗೆ ಬಡಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿದ ಸಾರಿನ ಮುಂದೆ ಇಂತಹ ನಯವಾದ ವೈನ್ ನಿಲ್ಲುವುದಿಲ್ಲ. ಉಪ್ಪು, ಕಾಳುಮೆಣಸು, ಸ್ವಲ್ಪ ಬೆಳ್ಳುಳ್ಳಿ ಮಾತ್ರ ಹಾಕಿ ಹುರಿದ ಬನ್ನೂರು ಕುರಿಯ ಮಾಂಸವಿದ್ದರೆ ಮಾರ್ಸನೇ ಬಹಳ ಚೆನ್ನಾಗಿ ಕೂಡಿಕೊಳ್ಳುತ್ತದೆ; ಮಾಂಸ ತಿನ್ನದವರು ಬೆಣ್ಣೆಯಲ್ಲಿ ಬಾಡಿಸಿದ ಅಣಬೆಯೊಂದಿಗೆ ಸವಿಯಬಹುದು.

ಎರಡೇ ಬಾಟಲಿ ತರಬೇಕಾದವರು ಒಂದು ಸಾಂತ್ ಓಬಾಂ, ಒಂದು ಮಾರ್ಸನೇ ತನ್ನಿ ಎಂದು ನಾನು ಹೇಳುತ್ತೇನೆ. ಎರಡನ್ನೂ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಹುಡುಕಬೇಡಿ, ಏಕೆಂದರೆ ಕೆಲವೇ ಪೀಪಾಯಿ ಮಾಡುವವರ ಸರಕು ಅಲ್ಲಿಯವರೆಗೆ ಬರುವುದು ಅಪರೂಪ. ಡಿಜಾನ್‌ನಲ್ಲೋ ಬೋನ್ ಪಟ್ಟಣದಲ್ಲೋ ಇರುವ ಸ್ಥಳೀಯ ವೈನ್ ಅಂಗಡಿಗೆ ಹೋಗಿ, ನಿಮ್ಮ ಕೈಯಲ್ಲಿರುವ ಹಣವನ್ನು ಸಂಕೋಚವಿಲ್ಲದೆ ಮೊದಲೇ ಹೇಳಿ, ದೊಮೇನ್‌ನವರದ್ದೇ ಬೇಕೆಂದು ಕೇಳಿ. ಆ ಅಂಗಡಿಯವರಿಗೆ ಸುತ್ತಲಿನ ಬೆಳೆಗಾರರು ಮುಖಪರಿಚಯದವರಾಗಿರುತ್ತಾರೆ.